ಇನ್‌ಕ್ಯುಬೇಟರ್‌ನಲ್ಲಿ ಮರಿ ಆಗ್ತಿಲ್ವಾ? ದೋಷ ಹುಡುಕುವ ಬಗೆ

22ನೇ ದಿನದ ಸಂಜೆ. ಇನ್‌ಕ್ಯುಬೇಟರ್, ಅಂದರೆ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯಲ್ಲಿ 30 ಕೋಳಿ ಮೊಟ್ಟೆ ಇಟ್ಟಿದ್ದಿರಿ, 7 ಮರಿ ಬಂದಿವೆ. ಉಳಿದ 23 ಮೊಟ್ಟೆ ಅಲ್ಲಾಡದೆ ಮಲಗಿವೆ. ಇಂಥ ಹೊತ್ತಲ್ಲಿ ಹೆಚ್ಚಿನವರು ಅವನ್ನು ತಿಪ್ಪೆಗೆ ಎಸೆದು, ಮುಂದಿನ ಸಲ ಅಂದಾಜಿನ ಮೇಲೆ ಶಾಖ ಏರಿಸುತ್ತಾರೆ, ಇಲ್ಲವೇ ಇಳಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ 23 ಮೊಟ್ಟೆಗಳ ಒಳಗೇ ಉತ್ತರ ಇದೆ. ಮರಿ ಯಾವ ಹಂತದಲ್ಲಿ ಸತ್ತಿತು ಅಂತ ಗೊತ್ತಾದರೆ ದೋಷ ಅರ್ಧ ಸಿಕ್ಕ ಹಾಗೆ. ಮೊದಲ ವಾರ ಸತ್ತಿದ್ದರೆ ಕಾರಣ ಒಂದು, ಕೊನೆಯ ಮೂರು ದಿನದಲ್ಲಿ ಸತ್ತಿದ್ದರೆ ಕಾರಣ ಬೇರೆ.

ನನ್ನ ಮೊದಲ ಪೆಟ್ಟಿಗೆ ಥರ್ಮೋಕೋಲ್‌ನದು. 24 ಜವಾರಿ ಮೊಟ್ಟೆ ಇಟ್ಟೆ, 3 ಮರಿ ಬಂದವು. ಮೊಟ್ಟೆ ಕೊಟ್ಟವರ ಮೇಲೆ ಅನುಮಾನ ಪಟ್ಟೆ. ಆಮೇಲೆ ಪರೀಕ್ಷೆ ಮಾಡಿದರೆ, ಡಿಸ್‌ಪ್ಲೇ 37.5 ಡಿಗ್ರಿ ತೋರಿಸುವಾಗ ಒಳಗೆ ನಿಜವಾಗಿ 39 ಇತ್ತು. ಬೆಳೆದಿದ್ದ ಮರಿಗಳು ಅಷ್ಟು ಚಿಕ್ಕ ತಪ್ಪಿಗೆ ಸತ್ತುಹೋದವು ಅಂತ ಇವತ್ತಿಗೂ ಸಂಕಟ ಆಗುತ್ತದೆ. ಆ ಸಂಕಟ ನಿಮಗೆ ಬೇಡ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸರಿ ಲೆಕ್ಕ ಯಾವುದು ಅಂತ ನೋಡೋಣ. ಕೋಳಿ ಮೊಟ್ಟೆಗೆ 21 ದಿನ. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಸೆಲ್ಸಿಯಸ್. ಫ್ಯಾನ್ ಇಲ್ಲದ ಪೆಟ್ಟಿಗೆಯಲ್ಲಿ ಮೊಟ್ಟೆಯ ಮೇಲ್ಭಾಗದ ಮಟ್ಟದಲ್ಲಿ ಅಳೆದಾಗ 38.3ರಿಂದ 38.9. ತೇವಾಂಶ ಮೊದಲ 18 ದಿನ ಶೇಕಡಾ 50ರ ಆಸುಪಾಸು, ಕೊನೆಯ ಮೂರು ದಿನ 65ರಿಂದ 70. ದಿನಕ್ಕೆ ಕಡಿಮೆ ಅಂದರೆ 3 ಸಲ ಮೊಟ್ಟೆ ತಿರುಗಿಸಬೇಕು, 18ನೇ ದಿನಕ್ಕೆ ನಿಲ್ಲಿಸಬೇಕು. ಗೌಜಲಿಗೆ 17–18 ದಿನ, ಬಾತುಕೋಳಿಗೆ 28 ದಿನ. ಇವುಗಳಿಗೂ ಕೆಳಗಿನ ಗುರುತುಗಳು ಹೊಂದುತ್ತವೆ, ದಿನದ ಲೆಕ್ಕ ಮಾತ್ರ ಬೇರೆ.

## ಕೈ ಹಾಕುವ ಮುಂಚೆ

ಪೆಟ್ಟಿಗೆಯೊಳಗೆ ನೀರೂ ಇದೆ, 230 ವೋಲ್ಟ್ ಕರೆಂಟೂ ಇದೆ. ನೀರು ಹಾಕುವಾಗ, ಶಾಖ ಕೊಡುವ ಬಲ್ಬ್ ಮುಟ್ಟುವಾಗ ಪ್ಲಗ್ ಕಿತ್ತೇ ಕೆಲಸ ಮಾಡಿ. ಸ್ವಿಚ್ ಆರಿಸಿದರೆ ಸಾಲದು. ಥರ್ಮೋಕೋಲ್ ಬಿಸಿಗೆ ಕರಗುತ್ತದೆ, ಬೆಂಕಿ ಹಿಡಿದರೆ ಬೇಗ ಉರಿಯುತ್ತದೆ. ಆದ್ದರಿಂದ ಬಲ್ಬಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗ ಇರಲಿ, ಬಲ್ಬಿನ ಸುತ್ತ ತಗಡಿನ ಮರೆ ಇರಲಿ. ಶಾಖ ನೋಡಿ ಬಲ್ಬ್ ಹತ್ತಿಸಿ ಆರಿಸುವ ಕಂಟ್ರೋಲರ್ ಬೋರ್ಡ್ ಬೆತ್ತಲೆಯಾಗಿ ನೇತಾಡಬಾರದು. ಪ್ಲಾಸ್ಟಿಕ್ ಡಬ್ಬಿಯೊಳಗೆ ಹಾಕಿ ಮುಚ್ಚಿ. ಸುಟ್ಟ ವಾಸನೆ ಬಂದರೆ, ವೈರ್ ಮುಟ್ಟಿದಾಗ ಬಿಸಿ ಅನ್ನಿಸಿದರೆ, ಪೆಟ್ಟಿಗೆ ಮುಟ್ಟಿದಾಗ ಜುಮ್ ಅಂದರೆ ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರೀಷಿಯನ್ ಕರೆಸಿ. ಮೊಟ್ಟೆ ಹೋದರೆ ಹೋಗಲಿ.

ಮೊಟ್ಟೆ ಮತ್ತು ಮರಿ ಮುಟ್ಟಿದ ಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಮಕ್ಕಳಿಗೆ ಮರಿ ಕಂಡರೆ ಮುತ್ತು ಕೊಡುವಷ್ಟು ಆಸೆ. ಸಾಲ್ಮೊನೆಲ್ಲಾ ಅನ್ನುವ ಭೇದಿಯ ರೋಗಾಣು ಅಂಟುವುದು ಹಾಗೇ. ಇನ್ನೊಂದು ಮಾತು. ದೊಡ್ಡ ಹ್ಯಾಚರಿಗಳಲ್ಲಿ ಫಾರ್ಮಾಲಿನ್ ಹೊಗೆ ಹಾಕುತ್ತಾರೆ ಅಂತ ಕೇಳಿ ಮನೆಯಲ್ಲಿ ಮಾಡಲು ಹೋಗಬೇಡಿ. ಅದು ವಿಷದ ಗಾಳಿ.

## ದೋಷ ಮೊಟ್ಟೆಯದೋ, ಪೆಟ್ಟಿಗೆಯದೋ?

ಇದಕ್ಕೆ ನಾನು ಕಂಡ ಅತಿ ಅಗ್ಗದ ಪರೀಕ್ಷೆ ಅಂದರೆ ಕಾವಿಗೆ ಕೂತ ಹೇಂಟೆ. ನೀವು ಪೆಟ್ಟಿಗೆಗೆ ಇಡುವ ದಿನವೇ, ಅದೇ ಗುಂಪಿನಿಂದ 6–8 ಮೊಟ್ಟೆಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿ ಹೇಂಟೆಯ ಕೆಳಗೆ ಇಡಿ. ನಿಮ್ಮ ಹತ್ತಿರ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಒಂದಾದರೂ ಕೂತಿರುತ್ತದೆ. ಹೇಂಟೆಯ ಕೆಳಗೆ ಚೆನ್ನಾಗಿ ಮರಿಯಾಗಿ ಪೆಟ್ಟಿಗೆಯಲ್ಲಿ ಆಗದಿದ್ದರೆ ದೋಷ ಪೆಟ್ಟಿಗೆಯದು. ಎರಡೂ ಕಡೆ ಕೆಟ್ಟರೆ ಮೊಟ್ಟೆ, ಹುಂಜ ಅಥವಾ ಮೇವಿನ ಕಡೆ ನೋಡಿ. ಇಷ್ಟು ಸ್ಪಷ್ಟ ಉತ್ತರ ಯಾವ ಮೀಟರೂ ಕೊಡುವುದಿಲ್ಲ.

## 7ನೇ ದಿನ ಟಾರ್ಚ್ ಹಿಡಿದರೆ ಮೊಟ್ಟೆ ತಿಳಿಯಾಗಿ ಕಾಣುತ್ತದೆ

ಕತ್ತಲೆ ಕೋಣೆಯಲ್ಲಿ ಮೊಟ್ಟೆಯ ದಪ್ಪ ತುದಿಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಜೀವ ಇದ್ದರೆ ಜೇಡನ ಬಲೆಯ ಹಾಗೆ ಕೆಂಪು ನರಗಳು, ನಡುವೆ ಕಪ್ಪು ಚುಕ್ಕಿ ಕಾಣುತ್ತದೆ. ಏನೂ ಇಲ್ಲದೆ ಹಳದಿ ನೆರಳು ಮಾತ್ರ ತೇಲುತ್ತಿದ್ದರೆ ಅದು ಗೊಡ್ಡು ಮೊಟ್ಟೆ. ಇಲ್ಲವೇ ಮೊದಲ ಒಂದೆರಡು ದಿನದಲ್ಲೇ ಜೀವ ಹೋಗಿದೆ. ಕಂದು ಚಿಪ್ಪಿನಲ್ಲಿ 7ನೇ ದಿನ ಸರಿಯಾಗಿ ಕಾಣದಿದ್ದರೆ 10ನೇ ದಿನ ಮತ್ತೊಮ್ಮೆ ನೋಡಿ. ಆತುರದಲ್ಲಿ ಬಿಸಾಡಬೇಡಿ.

ಮೊದಲು ಕೇಳಿಕೊಳ್ಳಬೇಕಾದ್ದು: ಮೊಟ್ಟೆ ಎಲ್ಲಿಂದ ಬಂತು? ಅಂಗಡಿಯ ಫಾರ್ಮ್ ಮೊಟ್ಟೆ ಇಡುವ ಕೋಳಿಗಳ ಜೊತೆ ಹುಂಜವೇ ಇರುವುದಿಲ್ಲ. ಆ ಮೊಟ್ಟೆಯಿಂದ ಎಷ್ಟು ದಿನ ಕಾದರೂ ಮರಿ ಬರುವುದಿಲ್ಲ. ಚಿಪ್ಪು ಕಂದಾಗಿದೆ ಅಂದ ಮಾತ್ರಕ್ಕೆ ನಾಟಿ ಮೊಟ್ಟೆ ಅಂತಲೂ ಅಲ್ಲ.

ಮನೆಯ ಮೊಟ್ಟೆಯೇ ಆದರೆ ಹುಂಜದ ಲೆಕ್ಕ ನೋಡಿ. 8–10 ಹೇಂಟೆಗೆ ಒಂದು ಹುಂಜ ಸಾಕು. 20 ಹೇಂಟೆಗೆ ಒಂದೇ ಹುಂಜ ಇದ್ದರೆ, ಹುಂಜ ಮುದಿಯಾಗಿದ್ದರೆ, ಕಾಲು ಕುಂಟುತ್ತಿದ್ದರೆ ಗೊಡ್ಡು ಮೊಟ್ಟೆ ಜಾಸ್ತಿ ಆಗುತ್ತವೆ. ಎರಡು ಹುಂಜ ದಿನವಿಡೀ ಕಾದಾಡುತ್ತಿದ್ದರೂ ಅದೇ ಕಥೆ. ಮೈತೂಕ ಜಾಸ್ತಿ ಇರುವ ಗಿರಿರಾಜ ಹುಂಜವನ್ನು ಚಿಕ್ಕ ನಾಟಿ ಹೇಂಟೆಗಳ ಜೊತೆ ಬಿಟ್ಟವರಿಗೂ ಈ ತೊಂದರೆ ಬರಬಹುದು.

ಆಮೇಲೆ, ಮೊಟ್ಟೆ ಕೂಡಿಟ್ಟ ಬಗೆ. 7 ದಿನದೊಳಗಿನ ಮೊಟ್ಟೆ ಒಳ್ಳೆಯದು. ದಿನ ಕಳೆದಷ್ಟೂ ಮರಿಯಾಗುವುದು ಕಡಿಮೆ. ಇಡಲು 13ರಿಂದ 18 ಡಿಗ್ರಿ ಹಿತ. ಫ್ರಿಜ್ ಅದಕ್ಕಿಂತ ತೀರಾ ತಣ್ಣಗೆ. ನಮ್ಮ ಬೇಸಿಗೆಯ ಅಡುಗೆಮನೆ ತೀರಾ ಬಿಸಿ. 27 ಡಿಗ್ರಿ ಮೀರಿದ ಕೋಣೆಯಲ್ಲಿ ಮೊಟ್ಟೆಯೊಳಗಿನ ಜೀವ ಅರೆಬರೆ ಬೆಳೆಯಲು ಶುರು ಮಾಡುತ್ತದೆ. ಕಾವು ಸರಿಯಾಗಿ ಸಿಗದೆ ಪೆಟ್ಟಿಗೆ ಸೇರುವ ಮೊದಲೇ ಸಾಯುತ್ತದೆ. ಟಾರ್ಚಿಗೆ ಅದೂ ಗೊಡ್ಡು ಮೊಟ್ಟೆಯ ಹಾಗೇ ಕಾಣುತ್ತದೆ. ಪಾಪ, ಹುಂಜಕ್ಕೆ ಸುಮ್ನೆ ಬೈಗುಳ. ಬೇಸಿಗೆಯಲ್ಲಿ ದಿನಕ್ಕೆ 3–4 ಸಲ ಮೊಟ್ಟೆ ಆರಿಸಿ. ಒದ್ದೆ ಮರಳಿನ ಮೇಲೆ ಮಣ್ಣಿನ ಮಡಕೆ ಕೂರಿಸಿ, ಅದರೊಳಗೆ ಚೂಪು ತುದಿ ಕೆಳಗೆ ಮಾಡಿ ಇಡಿ. ನೀರು ಮಾತ್ರ ಮೊಟ್ಟೆಗೆ ತಾಗಬಾರದು.

## ಮೊಟ್ಟೆಯೊಳಗೆ ಕೆಂಪು ಉಂಗುರ

ಟಾರ್ಚಿಗೆ ಕೆಂಪು ದಾರದ ಬಳೆಯ ಹಾಗೆ ಕಂಡರೆ ಜೀವ ಹುಟ್ಟಿ ಮೊದಲ ವಾರದಲ್ಲೇ ಸತ್ತಿದೆ. 30ರಲ್ಲಿ ಒಂದೆರಡು ಹೀಗಾದರೆ ಚಿಂತೆ ಬೇಡ. ಆರೇಳು ಆದರೆ ಮೂರು ಕಡೆ ನೋಡಿ: ಶಾಖ ಹೆಚ್ಚಾಗಿತ್ತೇ, ಮೊಟ್ಟೆ ಹಳೆಯದೇ, ತರುವಾಗ ಜೋರಾಗಿ ಕುಲುಕಿತೇ. ಬೈಕಿನಲ್ಲಿ ದೂರದಿಂದ ತಂದ ಮೊಟ್ಟೆಯನ್ನು ಚೂಪು ತುದಿ ಕೆಳಗೆ ಮಾಡಿ 12ರಿಂದ 24 ಗಂಟೆ ಅಲ್ಲಾಡಿಸದೆ ಇಟ್ಟು ಆಮೇಲೆ ಪೆಟ್ಟಿಗೆಗೆ ಹಾಕಿ. ಸತ್ತ ಮೊಟ್ಟೆಗಳನ್ನು ಆವತ್ತೇ ತೆಗೆಯಿರಿ, ಇಲ್ಲದಿದ್ದರೆ ಕೊಳೆಯುತ್ತವೆ.

## ಶಾಖ ನಿಲ್ಲುತ್ತಿಲ್ಲ, ಅಥವಾ ನಿಂತಿದೆ ಅಂತ ಡಿಸ್‌ಪ್ಲೇ ಹೇಳುತ್ತದೆ

ನನ್ನ ಅನುಭವದಲ್ಲಿ ಮನೆಯ ಪೆಟ್ಟಿಗೆಗಳ ದೊಡ್ಡ ಕಳ್ಳ ಇಲ್ಲೇ ಇರುವುದು. ಬೇರೆ ಏನನ್ನೂ ಬದಲಾಯಿಸುವ ಮುಂಚೆ ಡಿಸ್‌ಪ್ಲೇ ನಿಜ ಹೇಳುತ್ತಿದೆಯೇ ನೋಡಿ. ಹೊಸ ಯಂತ್ರ ಬೇಕಿಲ್ಲ. ಜ್ವರ ನೋಡುವ ಡಿಜಿಟಲ್ ಥರ್ಮಾಮೀಟರ್ ಸಾಕು, ಏಕೆಂದರೆ ನಮಗೆ ಬೇಕಾದ ಶಾಖ ಮನುಷ್ಯನ ಮೈ ಶಾಖದ ಹತ್ತಿರವೇ ಇದೆ. ಚಿಕ್ಕ ಬಾಟಲಿಯಲ್ಲಿ ನೀರು ತುಂಬಿ, ಮುಚ್ಚಳ ಹಾಕಿ, ಮೊಟ್ಟೆಗಳ ನಡುವೆ ಒಂದು ರಾತ್ರಿ ಇಡಿ. ಬೆಳಿಗ್ಗೆ ಹೊರಗೆ ತೆಗೆದ ತಕ್ಷಣ ಮುಚ್ಚಳ ತೆಗೆದು ಥರ್ಮಾಮೀಟರ್ ಅದ್ದಿ. ಗಾಳಿಯ ಶಾಖ ಕ್ಷಣಕ್ಕೊಂದು ಥರ ಇರುತ್ತದೆ. ಬಾಟಲಿಯ ನೀರು ಮೊಟ್ಟೆಯ ಹಾಗೆ ನಿಧಾನವಾಗಿ ಕಾದು, ನಿಧಾನವಾಗಿ ಆರುತ್ತದೆ. ಅಲ್ಲಿ ಕಂಡದ್ದೇ ಮರಿಗೆ ಸಿಗುತ್ತಿರುವ ಶಾಖ. ಡಿಸ್‌ಪ್ಲೇಗೂ ಇದಕ್ಕೂ ಅರ್ಧ ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ದೋಷ ಸಿಕ್ಕಿತು.

ಬಾಟಲಿಯನ್ನು ಒಂದೊಂದು ರಾತ್ರಿ ಒಂದೊಂದು ಮೂಲೆಯಲ್ಲಿ ಇಟ್ಟು ನೋಡಿ. ಬಲ್ಬಿನ ಹತ್ತಿರ 39, ದೂರದ ಮೂಲೆಯಲ್ಲಿ 36 ಇದ್ದರೆ ಫ್ಯಾನ್ ಕೆಲಸ ಮಾಡುತ್ತಿಲ್ಲ, ಇಲ್ಲವೇ ಗಾಳಿಯ ದಾರಿಗೆ ಏನೋ ಅಡ್ಡ ಇದೆ. ಹಳೆಯ ಕಂಪ್ಯೂಟರ್ ಫ್ಯಾನ್ ಹಾಕಿದವರು ಅದರ ರೆಕ್ಕೆಗೆ ಹತ್ತಿದ ಪುಕ್ಕ, ದೂಳು ತೆಗೆಯಿರಿ. ಶಾಖ ಅಳೆಯುವ ಸೆನ್ಸರ್ ಬಲ್ಬಿನ ಪಕ್ಕದಲ್ಲಿ ಇದ್ದರೆ ಪೆಟ್ಟಿಗೆ ಬೇಗ ಆರಿಹೋಗುತ್ತದೆ, ಗಾಳಿ ಕಿಂಡಿಯ ಪಕ್ಕದಲ್ಲಿ ಇದ್ದರೆ ಜಾಸ್ತಿ ಕಾಯುತ್ತದೆ. ಅದು ಮೊಟ್ಟೆಗಳ ನಡುವೆ, ಮೊಟ್ಟೆಯ ಎತ್ತರದಲ್ಲೇ ಇರಬೇಕು.

ಡಬ್ಲ್ಯು 1209 ಅನ್ನುವ ಪುಟ್ಟ ಕಂಟ್ರೋಲರ್ ಬೋರ್ಡ್ ಹಾಕಿ ಪೆಟ್ಟಿಗೆ ಮಾಡಿಕೊಂಡವರು ತುಂಬಾ ಜನ. ಅದರಲ್ಲಿ ಮೂರು ಸೆಟ್ಟಿಂಗ್ ನೋಡಿ. ಸೆಟ್ ಗುಂಡಿ ಒತ್ತಿ ಹಿಡಿದರೆ ಪಿ0 ಬರುತ್ತದೆ. ಅದು 'ಎಚ್' ಆಗಿರಬೇಕು. 'ಸಿ' ಇದ್ದರೆ ಬಿಸಿಯಾದಾಗ ಬಲ್ಬ್ ಹತ್ತಿ, ಮೊಟ್ಟೆ ಬೆಂದೇ ಹೋಗುತ್ತದೆ. ಪಿ1 ಅಂದರೆ ಎಷ್ಟು ಇಳಿದ ಮೇಲೆ ಬಲ್ಬ್ ಮತ್ತೆ ಹತ್ತಬೇಕು ಅನ್ನುವುದು. ಬೋರ್ಡ್ ಬರುವಾಗ ಇದು 2 ಡಿಗ್ರಿ ಇರುತ್ತದೆ. ಅಂದರೆ 37.5ಕ್ಕೆ ಆರಿ, 35.5ಕ್ಕೆ ಇಳಿದ ಮೇಲೆ ಹತ್ತುತ್ತದೆ. ಮರಿ ತಡವಾಗಿ, ಬಲ ಇಲ್ಲದೆ ಬರಲು ಇಷ್ಟೇ ಸಾಕು. ಅದನ್ನು 0.3ಕ್ಕೆ ಇಳಿಸಿ. ಪಿ4ರಲ್ಲಿ ಸೆನ್ಸರಿನ ತಪ್ಪು ಸರಿಮಾಡಬಹುದು. ಬಾಟಲಿ ಪರೀಕ್ಷೆಯಲ್ಲಿ ಕಂಡ ವ್ಯತ್ಯಾಸವನ್ನು ಇಲ್ಲೇ ಹಾಕಿ.

ಇದೆಲ್ಲ ಸರಿ ಇದ್ದೂ ಶಾಖ ಒಂದೇ ಸಮನೆ ಏರುತ್ತಿದ್ದರೆ ಬೋರ್ಡಿನ ರಿಲೇ, ಅಂದರೆ ಬಲ್ಬ್ ಹತ್ತಿಸಿ ಆರಿಸುವ ಸ್ವಿಚ್, ಅಂಟಿಕೊಂಡಿರಬಹುದು. ಆಗ ಡಿಸ್‌ಪ್ಲೇ 39 ತೋರಿಸಿದರೂ ಬಲ್ಬ್ ಆರುವುದಿಲ್ಲ. ರಿಪೇರಿ ಮಾಡಲು ಹೋಗದೆ ಬೋರ್ಡನ್ನೇ ಬದಲಾಯಿಸಿ. ಫ್ಯಾನ್ ಇರುವ ಪೆಟ್ಟಿಗೆಯಾದರೆ ಇನ್ನೊಂದು ಬೋರ್ಡನ್ನು 38.3ಕ್ಕೆ ಸೆಟ್ ಮಾಡಿ ಅದೇ ಸಾಲಿನಲ್ಲಿ ಸೇರಿಸಿಕೊಂಡರೆ, ಮೊದಲನೆಯದು ಕೈಕೊಟ್ಟಾಗ ಎರಡನೆಯದು ಬಲ್ಬ್ ಆರಿಸುತ್ತದೆ. ವೈರಿಂಗ್ ಗೊತ್ತಿದ್ದವರ ಕೈಯಲ್ಲೇ ಮಾಡಿಸಿ. ಶಾಖ ಸ್ವಲ್ಪವೂ ಏರದಿದ್ದರೆ ಮೊದಲು ಬಲ್ಬ್ ನೋಡಿ. ಎಲ್‌ಇಡಿ ಬಲ್ಬ್ ಹಾಕಿದರೆ ಬೆಳಕು ಬರುತ್ತದೆ, ಸಾಕಷ್ಟು ಶಾಖ ಬರುವುದಿಲ್ಲ. ಹಳೆಯ ತಂತಿ ಬಲ್ಬೇ ಬೇಕು. 100 ವ್ಯಾಟಿನದು ಒಂದರ ಬದಲು 40 ವ್ಯಾಟಿನ ಎರಡು ಹಾಕಿ. ನಡುರಾತ್ರಿ ಒಂದು ಸುಟ್ಟುಹೋದರೂ ಇನ್ನೊಂದು ಬೆಳಗಿನವರೆಗೆ ಕಾಯುತ್ತದೆ.

ರಾಯಚೂರು, ಕಲಬುರಗಿ ಕಡೆ ಏಪ್ರಿಲ್–ಮೇ ತಿಂಗಳಲ್ಲಿ ಬೇರೆಯದೇ ತೊಂದರೆ. ಹೊರಗೆ 40 ಮೀರಿದಾಗ ಶೀಟಿನ ಮನೆಯೊಳಗೆ 38–39 ಆಗಿಬಿಡುತ್ತದೆ. ಪೆಟ್ಟಿಗೆಗೆ ಬಿಸಿ ಮಾಡಲು ಬರುತ್ತದೆ, ತಣ್ಣಗೆ ಮಾಡಲು ಬರುವುದಿಲ್ಲ. ಬಲ್ಬ್ ಆರಿದ್ದರೂ ಶಾಖ ಏರುತ್ತಿದ್ದರೆ ಕಾರಣ ಇದೇ. ಮನೆಯ ಒಳಗಿನ, ದಪ್ಪ ಗೋಡೆಯ, ನೆಲಕ್ಕೆ ಹತ್ತಿರದ ಜಾಗಕ್ಕೆ ಪೆಟ್ಟಿಗೆ ಒಯ್ಯಿರಿ. ಅಂಥ ಜಾಗ ಇಲ್ಲದಿದ್ದರೆ ಆ ಎರಡು ತಿಂಗಳು ಮೊಟ್ಟೆ ಇಡಬೇಡಿ.

## ಕರೆಂಟ್ ಹೋಯಿತು

ಗುಡುಗಿಗೆ ಮೊಟ್ಟೆ ಕೆಡುತ್ತವೆ ಅಂತ ಹಳ್ಳಿಯಲ್ಲಿ ಹೇಳುತ್ತಾರೆ. ಕಾವಿನ ಬುಟ್ಟಿಯಲ್ಲಿ ಇದ್ದಿಲು, ಕಬ್ಬಿಣದ ಚೂರು ಇಡುತ್ತಾರೆ. ಇನ್‌ಕ್ಯುಬೇಟರ್‌ಗೆ ಗುಡುಗಿನ ರಾತ್ರಿ ಬರುವ ಆಪತ್ತು ಕರೆಂಟಿನದು.

ಹೋದದ್ದು ಒಂದೆರಡು ಗಂಟೆ ಆದರೆ ಮುಚ್ಚಳ ತೆಗೆಯಲೇಬೇಡಿ. ಮೇಲೆ ಕಂಬಳಿ ಹೊದಿಸಿ. ಅದಕ್ಕಿಂತ ಹೆಚ್ಚಾದರೆ ಬಾಟಲಿಗಳಲ್ಲಿ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಮೊಟ್ಟೆಗೆ ತಾಗದ ಹಾಗೆ ಒಳಗೆ ಇಡಿ. ಮೇಣದ ಬತ್ತಿ, ಕೆಂಡ ಮಾತ್ರ ಬೇಡ. ಬೆಂಕಿಯ ಭಯ ಒಂದು, ಹೊಗೆಯಿಂದ ಮರಿ ಉಸಿರು ಕಟ್ಟುವುದು ಇನ್ನೊಂದು. ಕೊನೆಯ ಮೂರು ದಿನದಲ್ಲಿ ಗಾಳಿ ಕಿಂಡಿ ಮುಚ್ಚಬೇಡಿ. ಆಗ ಮರಿಗಳೇ ಸ್ವಲ್ಪ ಶಾಖ ಕೊಡುತ್ತವೆ, ಅವಕ್ಕೆ ಗಾಳಿಯೂ ಹೆಚ್ಚು ಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಚಿಕ್ಕ ಪೆಟ್ಟಿಗೆಯನ್ನು ಅದಕ್ಕೇ ಸೇರಿಸಬಹುದು.

ಮೂರು–ನಾಲ್ಕು ಗಂಟೆ ತಣ್ಣಗಾದ ಮೊಟ್ಟೆ ಸತ್ತಿತು ಅಂತ ಬಿಸಾಡಬೇಡಿ. ಸ್ವಲ್ಪ ತಣ್ಣಗಾದರೆ ಬೆಳವಣಿಗೆ ನಿಧಾನ ಆಗುತ್ತದೆ, ಅಷ್ಟೇ. ಕಾವಿನ ಹೇಂಟೆ ಕೂಡ ಮೇವಿಗೆ ಎದ್ದು ಹೋಗುತ್ತದಲ್ಲ. ಅರ್ಧ ಗಂಟೆ 40–41 ಡಿಗ್ರಿ ಆದದ್ದು ಅದಕ್ಕಿಂತ ಎಷ್ಟೋ ಪಾಲು ಕೆಟ್ಟದ್ದು. ನಾಲ್ಕೈದು ದಿನ ಬಿಟ್ಟು ಟಾರ್ಚ್ ಹಿಡಿದು ನೋಡಿ, ಆಮೇಲೆ ತೀರ್ಮಾನ ಮಾಡಿ.

## ಗಾಳಿ ಕೋಶ ತೀರಾ ಚಿಕ್ಕದು ಅಥವಾ ತೀರಾ ದೊಡ್ಡದು

ಮೊಟ್ಟೆಯ ದಪ್ಪ ತುದಿಯಲ್ಲಿ ಕಾಣುವ ಖಾಲಿ ಜಾಗವೇ ಗಾಳಿ ಕೋಶ. ಮೊಟ್ಟೆಯ ನೀರು ಚಿಪ್ಪಿನ ಮೂಲಕ ಆರಿದಷ್ಟೂ ಅದು ದೊಡ್ಡದಾಗುತ್ತದೆ. 18ನೇ ದಿನಕ್ಕೆ ಹತ್ತಿರ ಹತ್ತಿರ ಮೂರನೇ ಒಂದು ಭಾಗ ಇರಬೇಕು. ಚಿಕ್ಕದಾಗಿಯೇ ಉಳಿದಿದ್ದರೆ ತೇವಾಂಶ ಹೆಚ್ಚಾಗಿದೆ. ಮರಿ ಊದಿಕೊಂಡು, ಮೊದಲ ಉಸಿರಿಗೆ ಜಾಗ ಸಿಗದೆ ಸಾಯುತ್ತದೆ. ತೀರಾ ದೊಡ್ಡದಾಗಿದ್ದರೆ ಒಣಗಿದೆ. ಒಳಪೊರೆ ಮರಿಗೆ ಅಂಟಿಕೊಳ್ಳುತ್ತದೆ.

ಕಣ್ಣಳತೆಗಿಂತ ತಕ್ಕಡಿ ನಂಬಿಕಸ್ಥ. 18 ದಿನದಲ್ಲಿ ಮೊಟ್ಟೆ ಶೇಕಡಾ 12ರಷ್ಟು ತೂಕ ಕಳೆದುಕೊಳ್ಳಬೇಕು. 10 ಮೊಟ್ಟೆ ಆರಿಸಿ, ಇಡುವ ದಿನ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಬರೆದುಕೊಳ್ಳಿ. 400 ಗ್ರಾಂ ಇದ್ದರೆ 7ನೇ ದಿನ 381, 14ನೇ ದಿನ 363, 18ನೇ ದಿನ 352 ಗ್ರಾಂ ಆಸುಪಾಸು ಬರಬೇಕು. ತೂಕ ಇದಕ್ಕಿಂತ ಜಾಸ್ತಿ ಉಳಿದಿದ್ದರೆ ನೀರು ಕಡಿಮೆ ಮಾಡಿ, ಬೇಗ ಇಳಿದಿದ್ದರೆ ನೀರು ಹೆಚ್ಚಿಸಿ. ಈ ಒಂದು ಅಭ್ಯಾಸದಿಂದಲೇ ನನ್ನ ಪೆಟ್ಟಿಗೆಯ ಅರ್ಧ ತೊಂದರೆ ಹೋಯಿತು.

ತೇವಾಂಶದ ಮೀಟರನ್ನೂ ಒಮ್ಮೆ ಪರೀಕ್ಷಿಸಿ. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಒದ್ದೆ ಆಗುವಷ್ಟು ಮಾತ್ರ ನೀರು ಬಿಡಿ. ಗಾಳಿ ಆಡದ ಡಬ್ಬಿಯಲ್ಲಿ ಮೀಟರಿನ ಜೊತೆ ಒಂದು ರಾತ್ರಿ ಮುಚ್ಚಿಡಿ. ಬೆಳಿಗ್ಗೆ ಅದು 75 ತೋರಿಸಬೇಕು. 83 ತೋರಿಸಿದರೆ ನಿಮ್ಮ ಮೀಟರ್ 8 ಜಾಸ್ತಿ ಹೇಳುತ್ತಿದೆ.

ಎಷ್ಟು ನೀರು ಇಡಬೇಕು ಅನ್ನುವುದಕ್ಕೆ ಎಲ್ಲ ಊರಿಗೂ ಒಂದೇ ಉತ್ತರ ಇಲ್ಲ. ಹೊರಗಿನ ಗಾಳಿ ಪೆಟ್ಟಿಗೆಯಲ್ಲಿ ಬಿಸಿಯಾದಾಗ ಅದರ ತೇವಾಂಶದ ಸಂಖ್ಯೆ ಇಳಿಯುತ್ತದೆ. ಮಳೆಗಾಲದ ಮಂಗಳೂರಲ್ಲಿ 27 ಡಿಗ್ರಿ, ಶೇಕಡಾ 90 ಇರುವ ಗಾಳಿ 37.5ಕ್ಕೆ ಬಂದರೆ ಸುಮಾರು 50 ಆಗುತ್ತದೆ. ಅಂದರೆ ಒಂದು ತೊಟ್ಟು ನೀರು ಇಡದಿದ್ದರೂ ಸರಿಹೋಗುತ್ತದೆ! ಚಳಿಗಾಲದ ಬೆಂಗಳೂರಲ್ಲಿ 20 ಡಿಗ್ರಿ, ಶೇಕಡಾ 60 ಇರುವ ಗಾಳಿ ಅದೇ ಪೆಟ್ಟಿಗೆಯಲ್ಲಿ 22ಕ್ಕೆ ಇಳಿಯುತ್ತದೆ. ಅಲ್ಲಿ ನೀರಿನ ತಟ್ಟೆ ಬೇಕೇ ಬೇಕು. ಕರಾವಳಿಯವರು ಬಯಲುಸೀಮೆಯವರ ಲೆಕ್ಕ ನೋಡಿ ಎರಡು ತಟ್ಟೆ ನೀರು ಇಟ್ಟು ಮರಿ ಕಳೆದುಕೊಳ್ಳುವುದು ಹೀಗೆ. ಇನ್ನೊಂದು ವಿಷಯ, ತೇವಾಂಶ ಹೆಚ್ಚುವುದು ನೀರಿನ ಮೇಲ್ಮೈ ಅಗಲದಿಂದ. ಆಳದ ಲೋಟಕ್ಕಿಂತ ಅಗಲದ ತಟ್ಟೆ, ತಟ್ಟೆಗಿಂತ ಒದ್ದೆ ಸ್ಪಂಜು ಹೆಚ್ಚು ತೇವ ಕೊಡುತ್ತದೆ.

## ಕೆಟ್ಟ ವಾಸನೆ, ಬೆವರುವ ಮೊಟ್ಟೆ

ಪೆಟ್ಟಿಗೆ ತೆಗೆದಾಗ ಕೊಳೆತ ವಾಸನೆ ಬಂದರೆ ಒಂದೊಂದೇ ಮೊಟ್ಟೆ ಮೂಸಿ ನೋಡಿ. ಚಿಪ್ಪಿನ ಮೇಲೆ ಜಿನುಗಿದ ಹನಿ, ಬೂದು ಬಣ್ಣ ಕಂಡರೆ ಅದೇ. ಅಲ್ಲಾಡಿಸದೆ ಪ್ಲಾಸ್ಟಿಕ್ ಕವರಿಗೆ ಹಾಕಿ ಹೊರಗೆ ಒಯ್ದು ಹೂತುಬಿಡಿ. ಅಂಥದ್ದು ಪಟ್ ಅಂತ ಒಡೆದರೆ ಉಳಿದೆಲ್ಲ ಮೊಟ್ಟೆಗೂ ರೋಗಾಣು ಸಿಡಿಯುತ್ತದೆ.

ಕಾರಣ ಹೆಚ್ಚಾಗಿ ಗೂಡಿನದು. ಹಿಕ್ಕೆ ಹತ್ತಿದ ಮೊಟ್ಟೆಯನ್ನು ತಣ್ಣೀರಲ್ಲಿ ತೊಳೆದು ಇಟ್ಟರೆ ಕೊಳಕು ಚಿಪ್ಪಿನ ರಂಧ್ರದಿಂದ ಒಳಗೆ ಹೋಗುತ್ತದೆ. ತೊಳೆಯಬೇಡಿ, ಕೊಳಕು ಮೊಟ್ಟೆ ಇಡಲೂ ಬೇಡಿ. ಗೂಡಿನ ಹುಲ್ಲು ಬದಲಾಯಿಸಿ. ಪ್ರತಿ ಬ್ಯಾಚ್ ಮುಗಿದ ಮೇಲೆ ಪೆಟ್ಟಿಗೆಯನ್ನು ಸೋಪಿನಿಂದ ತೊಳೆದು, ಬ್ಲೀಚಿಂಗ್ ನೀರಿನಿಂದ ಒರೆಸಿ, ಬಿಸಿಲಿಗೆ ಒಣಗಿಸಿ.

## ಮರಿ ಬೇಗ ಬಂತು, ತಡವಾಗಿ ಬಂತು

ಮೊದಲು ದಿನದ ಲೆಕ್ಕ ಸರಿ ಇದೆಯೇ ನೋಡಿ. ಸೋಮವಾರ ಇಟ್ಟರೆ ಮೂರು ವಾರ ಕಳೆದ ಸೋಮವಾರ 21ನೇ ದಿನ. ಇಟ್ಟ ದಿನವನ್ನೇ ಒಂದು ಅಂತ ಎಣಿಸಿ ಗಾಬರಿ ಆಗುವವರು ಬಹಳ.

19ನೇ ದಿನವೇ ಮರಿ ಬಂದರೆ ಶಾಖ ಹೆಚ್ಚು. 23ಕ್ಕೆ ಬಂದರೆ ಶಾಖ ಕಡಿಮೆ, ಇಲ್ಲವೇ ಮೊಟ್ಟೆ ಹಳೆಯದು. ಮೂರು ದಿನ ಒಂದೊಂದಾಗಿ ಬರುತ್ತಿದ್ದರೆ ಪೆಟ್ಟಿಗೆಯ ಮೂಲೆ ಮೂಲೆಗೆ ಶಾಖ ಬೇರೆ ಇದೆ, ಅಥವಾ ಹಳೆಯ ಮೊಟ್ಟೆ, ಹೊಸ ಮೊಟ್ಟೆ ಬೆರೆಸಿದ್ದೀರಿ. ಸಣ್ಣ ನಾಟಿ ಮೊಟ್ಟೆ, ದಪ್ಪ ಗಿರಿರಾಜ ಮೊಟ್ಟೆ ಒಟ್ಟಿಗೆ ಇಟ್ಟರೂ ಹೀಗಾಗುತ್ತದೆ.

## 21 ದಿನ ಮುಗಿದರೂ ಒಡೆಯದ ಮೊಟ್ಟೆ

23ನೇ ದಿನದವರೆಗೆ ಕಾಯಿರಿ. ಆಮೇಲೆ ಹೊರಗೆ, ಕೈಗವಸು ಹಾಕಿ, ದಪ್ಪ ತುದಿಯಿಂದ ಒಂದೊಂದೇ ಒಡೆದು ನೋಡಿ. ವಾಸನೆ ಬರುವ ಮೊಟ್ಟೆ ಮಾತ್ರ ಒಡೆಯಬೇಡಿ. ಮನಸ್ಸಿಗೆ ಕಷ್ಟದ ಕೆಲಸ, ನಿಜ. ಆದರೆ ಮುಂದಿನ ಬ್ಯಾಚಿನ ಮರಿಗಳಿಗಾಗಿ ಇದನ್ನು ಮಾಡಲೇಬೇಕು. ಒಂದು ನೋಟ್‌ಬುಕ್ ಪಕ್ಕದಲ್ಲಿ ಇರಲಿ.

ಕಪ್ಪು ಕಣ್ಣು ಮಾತ್ರ ಕಂಡರೆ ಮೊದಲ ವಾರದ ಸಾವು. ಶಾಖ, ಹಳೆಯ ಮೊಟ್ಟೆ ನೋಡಿ. ಪುಕ್ಕ ಮೊಳೆತಿದ್ದರೆ 12–13 ದಿನ ದಾಟಿದೆ. ಈ ನಡುವಿನ ವಾರದಲ್ಲಿ ಸಾಮಾನ್ಯವಾಗಿ ಕಡಿಮೆ ಮರಿ ಸಾಯುತ್ತವೆ. ಇಲ್ಲೇ ಹೆಚ್ಚು ಸತ್ತಿದ್ದರೆ ಮೊಟ್ಟೆ ತಿರುಗುತ್ತಿದೆಯೇ ನೋಡಿ. ಮೊಟ್ಟೆಯ ಒಂದು ಮಗ್ಗುಲಿಗೆ ಗುಣಿಸು ಗುರುತು (×), ಇನ್ನೊಂದು ಮಗ್ಗುಲಿಗೆ ಸೊನ್ನೆ ಬರೆದಿಟ್ಟರೆ ತಿರುಗಿದ್ದು ಗೊತ್ತಾಗುತ್ತದೆ. ಮೋಟಾರ್ ಸದ್ದು ಮಾಡುತ್ತಾ ಟ್ರೇ ಅಲ್ಲಾಡದೇ ಇರುವುದೂ ಉಂಟು. ತಿರುಗುವುದು ಸರಿ ಇದ್ದರೆ ತಾಯಿಯ ಮೇವಿನ ಕಡೆ ನೋಡಿ. ಬರೀ ಜೋಳ, ಅನ್ನ ತಿಂದ ಹೇಂಟೆಯ ಮೊಟ್ಟೆಯಲ್ಲಿ ಬಿ2 ವಿಟಮಿನ್ ಸಾಲದೆ ಮರಿ ನಡುವೆ ಸಾಯುತ್ತದೆ, ಪುಕ್ಕ ಗಂಟುಗಂಟಾಗಿರುತ್ತದೆ. ಹುಟ್ಟಿದ ಮರಿಯ ಬೆರಳು ಒಳಗೆ ಸುರುಳಿ ಸುತ್ತಿರುತ್ತದೆ. ಮೊಟ್ಟೆ ಕೂಡಿಡುವುದಕ್ಕೆ ಮೂರು ವಾರ ಮೊದಲಿಂದಲೇ ಹೇಂಟೆಗಳಿಗೆ ನುಗ್ಗೆ ಸೊಪ್ಪು, ಮಜ್ಜಿಗೆ, ಮೊಟ್ಟೆ ಕೋಳಿಗೆ ಕೊಡುವ ಒಳ್ಳೆಯ ಲೇಯರ್ ಮೇವು ಕೊಡಿ.

ಪೂರ್ತಿ ಬೆಳೆದು, ಕೊಕ್ಕು ಗಾಳಿ ಕೋಶ ಮುಟ್ಟಿ ಸತ್ತಿದ್ದರೆ ಕೊನೆಯ ಮೂರು ದಿನದ ತಪ್ಪು. ಗಾಳಿ ಕಿಂಡಿ ಮುಚ್ಚಿತ್ತೇ? ಪದೇಪದೇ ಮುಚ್ಚಳ ತೆಗೆದಿರಾ? ಮೈ ಒದ್ದೆಯಾಗಿ ಊದಿದ್ದರೆ ಮೊದಲ 18 ದಿನ ನೀರು ಜಾಸ್ತಿ ಆಗಿದೆ. ಪೊರೆ ಅಂಟಿ ಒಣಗಿದ್ದರೆ ಕೊನೆಗೆ ತೇವ ಸಾಲಲಿಲ್ಲ. ತಲೆ ಚೂಪು ತುದಿಗೆ ತಿರುಗಿದ್ದರೆ ಮೊಟ್ಟೆಯನ್ನು ತಲೆಕೆಳಗಾಗಿ ಇಟ್ಟಿದ್ದಿರಬಹುದು.

## ತೂತು ಹಾಕಿದೆ, ಹೊರಗೆ ಬರುತ್ತಿಲ್ಲ

ಕೈ ತುರಿಸುವ ಹೊತ್ತು ಇದು. ತಡೆದುಕೊಳ್ಳಿ. ಮೊದಲ ತೂತು ಹಾಕಿದ ಮೇಲೆ ಮರಿ 12ರಿಂದ 24 ಗಂಟೆ ಸುಮ್ಮನಿರುವುದು ಸಹಜ. ಆಗ ಅದು ಪೊರೆಯ ರಕ್ತವನ್ನು, ಹೊಟ್ಟೆಗೆ ಹಳದಿ ಭಂಡಾರವನ್ನು ಎಳೆದುಕೊಳ್ಳುತ್ತಿರುತ್ತದೆ. ನೀವು ಮುಂಚೆಯೇ ಚಿಪ್ಪು ಬಿಡಿಸಿದರೆ ರಕ್ತ ಸುರಿದು ಸಾಯುತ್ತದೆ. ಮುಚ್ಚಳ ತೆಗೆದರೆ ತೇವ ಹಾರಿ ಪಕ್ಕದ ಮೊಟ್ಟೆಗಳ ಪೊರೆಯೂ ಒಣಗುತ್ತದೆ.

24 ಗಂಟೆ ಕಳೆದಿದೆ, ಮರಿ ಕೂಗುತ್ತಿದೆ, ಆದರೆ ತೂತು ದೊಡ್ಡದಾಗಿಲ್ಲ, ಪೊರೆ ಒಣಗಿ ಹಳದಿಗೆ ತಿರುಗಿದೆ ಅಂದರೆ ಸಹಾಯ ಮಾಡಬಹುದು. ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಪೊರೆ ಒದ್ದೆ ಮಾಡಿ. ಮೂಗಿಗೆ ನೀರು ಹೋಗಬಾರದು. ತೂತಿನ ಸುತ್ತ ಚಿಪ್ಪನ್ನು ಉಗುರಿನಷ್ಟು ಮಾತ್ರ ಬಿಡಿಸಿ. ಕೆಂಪು ನರ ಕಂಡರೆ, ಒಂದು ಹನಿ ರಕ್ತ ಬಂದರೆ ತಕ್ಷಣ ನಿಲ್ಲಿಸಿ, ಪೆಟ್ಟಿಗೆಗೆ ವಾಪಸ್ ಇಟ್ಟು 4–6 ಗಂಟೆ ಬಿಡಿ. ಕೊನೆಯ ಒದೆತ ಮರಿಯದೇ ಆಗಿರಲಿ.

## ಹೊರಬಂದ ಮರಿ ಸರಿ ಇಲ್ಲ

ಮೈಗೆ ಗೋಂದಿನ ಹಾಗೆ ಲೋಳೆ ಅಂಟಿದ್ದರೆ ತೇವ ಹೆಚ್ಚು ಅಥವಾ ಶಾಖ ಕಡಿಮೆ ಇತ್ತು. ಹೊಕ್ಕುಳ ಮುಚ್ಚದೆ ಕಪ್ಪು ಗಂಟು ಇದ್ದರೆ ಶಾಖ ಹೆಚ್ಚಾಗಿತ್ತು. ಅದಕ್ಕೆ ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಔಷಧಿ ಮುಟ್ಟಿಸಿ, ಬೇರೆ ಮರಿಗಳು ಕುಕ್ಕದ ಹಾಗೆ ಪ್ರತ್ಯೇಕ ಇಡಿ.

ಕಾಲು ಎರಡೂ ಬದಿಗೆ ಜಾರಿದ್ದರೆ ಹೆಚ್ಚಿನ ಸಲ ನೆಲ ನುಣುಪಾಗಿರುವುದೇ ಕಾರಣ. ಪ್ಲಾಸ್ಟಿಕ್ ಮೇಲೆ, ನ್ಯೂಸ್ ಪೇಪರ್ ಮೇಲೆ ಮರಿ ಬಿಡಬೇಡಿ. ಗೋಣಿ ತಟ್ಟು ಹಾಸಿ. ಜಾರಿದ ಮರಿಯ ಎರಡು ಕಾಲನ್ನು, ನಿಲ್ಲುವಷ್ಟು ಅಂತರ ಬಿಟ್ಟು, ಬ್ಯಾಂಡೇಜ್ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ಎರಡು–ಮೂರು ದಿನದಲ್ಲಿ ಸರಿಹೋಗುವುದು ಹೆಚ್ಚು.

ಮೈ ಒಣಗುವವರೆಗೆ ಮರಿಯನ್ನು ಹೊರಗೆ ತೆಗೆಯುವ ಆತುರ ಬೇಡ. ಹೊಟ್ಟೆಯೊಳಗಿನ ಭಂಡಾರ ಎರಡು ದಿನಕ್ಕೆ ಸಾಕು. ಆಮೇಲೆ 35 ಡಿಗ್ರಿಯ ಬ್ರೂಡರ್‌ಗೆ, ಅಂದರೆ ಮರಿಗಳನ್ನು ಬೆಚ್ಚಗಿಡುವ ಗೂಡಿಗೆ ಬಿಡಿ. ವಾರಕ್ಕೆ 3 ಡಿಗ್ರಿ ಇಳಿಸುತ್ತಾ ಹೋಗಿ.

## ಪಶುವೈದ್ಯರ ಹತ್ತಿರ ಹೋಗಬೇಕಾದಾಗ

ಪೆಟ್ಟಿಗೆ ಸರಿ ಇದ್ದು, ಹೇಂಟೆಯ ಕೆಳಗಿನವೂ ಸೇರಿ ಎರಡು ಬ್ಯಾಚ್ ಒಂದೇ ರೀತಿ ಸತ್ತರೆ ಮನೆಯ ಪರೀಕ್ಷೆ ಅಲ್ಲಿಗೆ ಮುಗಿಯಿತು. ಮರಿಗಳಿಗೆ ಸುಣ್ಣದ ಹಾಗೆ ಬಿಳಿ ಭೇದಿ ಆಗಿ ಗುದದ್ವಾರ ಅಂಟಿಕೊಳ್ಳುತ್ತಿದ್ದರೆ ಅದು ತಾಯಿಯಿಂದ ಮೊಟ್ಟೆಯ ಮೂಲಕ ಬರುವ ಸಾಲ್ಮೊನೆಲ್ಲಾ ರೋಗ ಇರಬಹುದು. ಅಂಗಡಿಯಿಂದ ಆಂಟಿಬಯೋಟಿಕ್ ತಂದು ಹಾಕಬೇಡಿ. ಬದುಕಿದ ಮರಿ ರೋಗ ಹೊತ್ತುಕೊಂಡೇ ಬೆಳೆದು, ಮುಂದೆ ಅದರ ಮೊಟ್ಟೆಯಲ್ಲೂ ಕಳಿಸುತ್ತದೆ. ತಾಯಿ ಕೋಳಿಗಳ ರಕ್ತ ಪರೀಕ್ಷೆ ಆಗುವವರೆಗೆ ಆ ಗುಂಪಿನ ಮೊಟ್ಟೆ ಕಾವಿಗೆ ಇಡಬೇಡಿ, ಬೇರೆಯವರಿಗೂ ಕೊಡಬೇಡಿ.

ದೊಡ್ಡ ಕೋಳಿಗಳು ಇದ್ದಕ್ಕಿದ್ದ ಹಾಗೆ ಸಾಲಾಗಿ ಸತ್ತರೆ ಆವತ್ತೇ ಪಶು ಆಸ್ಪತ್ರೆಗೆ ತಿಳಿಸಿ. ಸಂಚಾರಿ ಪಶು ಚಿಕಿತ್ಸಾಲಯಕ್ಕೆ 1962 ಇದೆ. ಸತ್ತವನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಾರಬೇಡಿ, ತಿನ್ನಬೇಡಿ. ಪರೀಕ್ಷೆಗೆ ಮರಿ ಒಯ್ಯಲು ವೈದ್ಯರು ಹೇಳಿದರೆ, ಸತ್ತು ಕೆಲವೇ ಗಂಟೆಯಾದ ಮೂರು–ನಾಲ್ಕು ಮರಿಯನ್ನು ಎರಡು ಕವರಿನಲ್ಲಿ ಕಟ್ಟಿ, ಐಸ್ ಜೊತೆ ಡಬ್ಬಿಯಲ್ಲಿ ಇಡಿ. ಫ್ರೀಜರ್‌ನಲ್ಲಿ ಗಟ್ಟಿ ಮಾಡಬೇಡಿ. ಶಾಖ, ತೂಕ, ಯಾವ ದಿನ ಎಷ್ಟು ಸತ್ತವು ಅಂತ ಬರೆದಿಟ್ಟ ನೋಟ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ. ವೈದ್ಯರು ಮೊದಲು ಕೇಳುವುದು ಅದನ್ನೇ.